ಪುಟ್ಟಮ್ಮಣ್ಣಿಯನ್ನು ತವರಿಗೆ ಕರೆತಂದದ್ದು

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಸಿಹಿನೀರಿನ ಬಾವಿಯಿಂದ ಅಡುಗೆಗೆ ನೀರು ತಂದೆ. ರಾಗಿ ಹಸನುಮಾಡಿ ಬಿಸಿಲಿಗೆ ಹರವಿದೆ. ಹುಣಸೆಹಣ್ಣಿನ ಬೀಜ ಬಿಡಿಸಿ, ಉಪ್ಪು ಬೆರೆಸಿ ಗಡಿಗೆಗೆ ತುಂಬಿದೆ. ಲಾಟೀನಿನ ಗಾಜನ್ನು ಬೂದಿ ಹಾಕಿ ಉಜ್ಜಿದೆ. ಯಜಮಾನರ ಕೋಟಿಗೆ ಬಿದ್ದುಹೋದ ಗುಂಡಿ ಹಾಕಿದೆ. ಮಧ್ಯಾಹ್ನ, ಅಂಗೈಯಗಲದ ಒಂದು ಸೀರೆಗೆ ಅಂಚು ಹೊಲಿದೆ. ಬಿಸಿಲು ಇಳಿದ ಮೇಲೆ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹೂವು, ಹೊಸ ಮಾವಿನಹಣ್ಣು ಇಟ್ಟುಕೊಂಡು, ಮಗಳ ಕೈ ಹಿಡಿದು ಪಕ್ಕದ ಮನೆಗೆ ಹೋಗಿ, ಮದುವೆಯಾಗಿ ಆ ಮನೆ ಸೇರಿದ ನಮ್ಮ ಬೊಂಬೆಯನ್ನು ತವರಿಗೆ ಕಳುಹಿಸಿಕೊಡಿರೆಂದು ಕೇಳಿದೆ.

ಇದನ್ನು ಓದಿ ಮೈಸೂರಿನಲ್ಲಿ ನೀವೆಲ್ಲ ನಗುತ್ತೀರೆಂದು ಗೊತ್ತು. ಅಲ್ಲಿದ್ದಾಗ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ಈ ಸಂಜೆ ತಟ್ಟೆ ಹಿಡಿದು ಆ ಹೊಸ್ತಿಲಲ್ಲಿ ನಿಂತಾಗ, ನಿಜವಾದ ಬೀಗರ ಮನೆಗೆ ಹೋದವಳಂತೆ ಎರಡೆರಡು ಸಲ ಸೆರಗು ಸರಿಮಾಡಿಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಯಜಮಾನರಿಗೆ ಶ್ರೀನಿವಾಸಪುರದ ತಾಲ್ಲೂಕು ಕಚೇರಿಗೆ ವರ್ಗವಾಯಿತು. ಬಂಗಾರಪೇಟೆಯಲ್ಲಿ ದೊಡ್ಡ ರೈಲಿನಿಂದ ಇಳಿದು ಚಿಕ್ಕ ರೈಲು ಹತ್ತಬೇಕು. ಮಕ್ಕಳು ದಾರ ಕಟ್ಟಿ ಎಳೆಯುವ ಗಾಡಿಯ ಹಾಗಿದೆ ಅದು. ಕಿಟಕಿಯಾಚೆ ಬಂಡೆ, ಹುಣಸೆಮರ, ಈಚಲು, ಮತ್ತೆ ಬಂಡೆ. ಮಗಳು ಶಾರದೆ ಬಟ್ಟೆಬೊಂಬೆಯನ್ನು ಎದೆಗವಚಿಕೊಂಡು ಕೂತಿದ್ದವಳು ಒಂದೇ ಮಾತು ಕೇಳಿದಳು: "ಅಮ್ಮ, ಇದೇ ರೈಲು ನಮ್ಮನ್ನ ವಾಪಸ್ಸೂ ಕರಕೊಂಡು ಹೋಗತ್ತಾ?"

ಮೈಸೂರಿನಲ್ಲಿ ಗುಂಡಿ ಒತ್ತಿದರೆ ದೀಪ, ನಲ್ಲಿ ತಿರುಗಿಸಿದರೆ ನೀರು. ಇಲ್ಲಿ ಎರಡಕ್ಕೂ ಮುನಿಯಮ್ಮನವರನ್ನು ಕೇಳಬೇಕಾಯಿತು. ಅವರು ನಮ್ಮ ಮನೆಯ ಒಡತಿ. ಅವರ ಮನೆಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ಮಾಳಿಗೆ. ಬಂದ ಹೊಸದರಲ್ಲಿ ನನ್ನ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕಲ್ಲಿನಂತೆ ಉಳಿಯುತ್ತಿತ್ತು. ಬೇಳೆ ಕೆಟ್ಟಿದೆಯೆಂದು ಅಂಗಡಿಯವನನ್ನು ಬೈದುಕೊಂಡೆ. ಒಂದು ದಿನ ಮುನಿಯಮ್ಮ ಒಳಗೆ ಬಂದು ಪಾತ್ರೆಯೊಳಗೆ ಇಣುಕಿ, "ಅಯ್ಯೋ ಮೈಸೂರಮ್ಮ, ಹಿತ್ತಲ ಬಾವಿ ನೀರಿಗೆ ಬೇಳೆ ಹಾಕಿದ್ದೀರಲ್ಲ! ಅದರಲ್ಲಿ ಬಟ್ಟೆ ಬೇಯತ್ತೆ, ಬೇಳೆ ಬೇಯಲ್ಲ" ಎಂದು, ಬೀದಿಯ ಕೊನೆಯ ಸಿಹಿನೀರಿನ ಬಾವಿ ತೋರಿಸಿದರು. ಅಂದಿನ ಸಾರು ನನ್ನ ಮೊದಲ ಗೆಲುವು. ಎರಡನೆಯದು ಮುದ್ದೆ. ಇಲ್ಲಿಯವರು ತೆಲುಗಿನಲ್ಲಿ ಅದನ್ನು ಸಂಗಟಿ ಎನ್ನುತ್ತಾರೆ. ಗಂಟಿಲ್ಲದೆ ತಿರುವುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಯಿತು. ಈಗ ಅನ್ನದ ದಿನ ಊಟ ಮುಗಿದಂತೆಯೇ ಅನ್ನಿಸುವುದಿಲ್ಲ.

ಶಾರದೆಗೆ ಮಾತ್ರ ಯಾವ ಗೆಲುವೂ ಇರಲಿಲ್ಲ. ಬೀದಿಯ ಮಕ್ಕಳು ಆಡುವಾಗ ತೆಲುಗು, ಜಗಳಕ್ಕೆ ಕನ್ನಡ. ಒಂದು ವಾಕ್ಯ ಅದರಲ್ಲಿ ಶುರುವಾಗಿ ಇದರಲ್ಲಿ ಮುಗಿಯುತ್ತದೆ. ಇವಳು ಬಾಯಿ ತೆರೆದರೆ, "ಏನೇ, ಪುಸ್ತಕ ಓದ್ದಂಗೆ ಮಾತಾಡ್ತೀಯ" ಎಂದು ನಗುತ್ತಿದ್ದರು. ಸ್ಕೂಲಿನಿಂದ ಬಂದವಳೇ ನಡುಮನೆಯ ಕಂಬಕ್ಕೆ ಒರಗಿ ಬೊಂಬೆಯ ಜೊತೆ ಪಿಸುಗುಟ್ಟುತ್ತಾ ಕೂರುವಳು. ಆ ಬೊಂಬೆಯ ಹೆಸರು ಪುಟ್ಟಮ್ಮಣ್ಣಿ. ನನ್ನ ತಾಯಿ ತಮ್ಮ ಹಳೆಯ ಸೀರೆಯ ಕೆಂಪು ಅಂಚಿನಿಂದ ಹೊಲಿದುಕೊಟ್ಟದ್ದು. ಬೇಸಿಗೆ ರಜ ಬಂದರೆ ಅಜ್ಜಿಯ ಮನೆಗೆ ಹೋಗುತ್ತೇವೆಂದು ಇವಳು ಬೊಂಬೆಗೆ ದಿನವೂ ಹೇಳುತ್ತಿದ್ದುದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೇನೆ.

ರಜ ಬಂತು. ಕಚೇರಿಯಲ್ಲಿ ಜಮಾಬಂದಿಯ, ಎಂದರೆ ವರ್ಷದ ಕಂದಾಯದ ಲೆಕ್ಕದ, ಕೆಲಸವೂ ಬಂತು, ಯಜಮಾನರಿಗೆ ರಜೆಯಿಲ್ಲ. ಯುದ್ಧದ ಕಾಲವಾದ್ದರಿಂದ ರೈಲುಗಳ ತುಂಬ ಸಿಪಾಯಿಗಳು. ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಹೊರಡುವುದು ಬೇಡವೆಂದರು. ಶಾರದೆ ಅಳಲಿಲ್ಲ. ಅತ್ತಿದ್ದರೆ ವಾಸಿಯಾಗಿತ್ತು.

ಮಕ್ಕಳ ಕೈಗೆ ಏನಾದರೂ ಕೆಲಸ ಕೊಡಬೇಕೆಂದು, ಅಮ್ಮ ಮಾಡುತ್ತಿದ್ದಂತೆ ಹಳೆಯ ಕಾಗದ ನೆನೆಹಾಕಿ, ಮೆಂತ್ಯ ಸೇರಿಸಿ ರುಬ್ಬಿದೆ. ಅದನ್ನು ಬೋರಲು ಹಾಕಿದ ಚೊಂಬಿಗೆ ಮೆತ್ತಿ ಒಣಗಿಸಿದರೆ ಬುಟ್ಟಿಯಾಗುತ್ತದೆ. ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟಾಗ ಪಕ್ಕದ ಮನೆಯ ವೆಂಕಟಿ, ಮುನಿಯಮ್ಮನ ಕಿರಿಯ ಮಗಳು, ನಡುವಿನ ಮೋಟುಗೋಡೆಯ ಮೇಲೆ ಗದ್ದವಿಟ್ಟು ನೋಡಿದಳು.

"ಅದೇನು, ತಿಂತಾರಾ?"

"ಥೂ, ಕಾಗದ ಯಾರಾದ್ರೂ ತಿಂತಾರಾ?" ಎಂದಳು ಶಾರದೆ.

"ಮೆಂತ್ಯ ವಾಸನೆ ಬಂತಲ್ಲ. ಮೈಸೂರೋರು ಏನ್ ತಿಂತಾರೋ ಯಾರಿಗ್ಗೊತ್ತು. ನಮ್ಮ ಕೆರೆಗೆ ಬಾ, ಇದಕ್ಕಿಂತ ಒಳ್ಳೇ ಮಣ್ಣು ತೋರಿಸ್ತೀನಿ."

ಕೆರೆಗೆ ಎಂದೊಡನೆ ನನ್ನ ಜೀವ ಹಾರಿತು. ಕುಕ್ಕರಹಳ್ಳಿ ಕೆರೆಯ ಹತ್ತಿರ ಬೆಳೆದವಳಿಗೆ ಕೆರೆಯೆಂದರೆ ನೀರು, ನೀರೆಂದರೆ ಮಕ್ಕಳನ್ನು ಹಿಡಿದುಕೊಳ್ಳಬೇಕಾದ ಜಾಗ. ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಓಡಿದೆ. ಹೋಗಿ ನೋಡಿದರೆ ಏರಿ ಇದೆ, ತೂಬು ಇದೆ, ನೀರು ಮಾತ್ರ ಇಲ್ಲ. ಬಿರಿದ ಮಣ್ಣಿನ ಬಯಲಲ್ಲಿ ದನ ಮೇಯುತ್ತಿವೆ, ಮಕ್ಕಳು ಗುಂಪುಗುಂಪಾಗಿ ಕೂತಿದ್ದಾರೆ. ಇಲ್ಲಿ ಬೇಸಿಗೆಯಲ್ಲಿ ಕೆರೆಯೇ ಮಕ್ಕಳ ಅಂಗಳ. ಮೇಲಿನ ಹೆಂಟೆ ಎತ್ತಿದರೆ ಒಳಗೆ ಬೆಣ್ಣೆಯಂಥ ಜೇಡಿ. ಅದರಲ್ಲಿ ಒಲೆ, ಗಡಿಗೆ, ಎತ್ತು ಎಲ್ಲ ಮಾಡುತ್ತಾರೆ. ಜೋಳದ ದಂಟಿನ ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಗಾಡಿ ಕಟ್ಟುತ್ತಾರೆ. ಈಚಲ ಗರಿಯಲ್ಲಿ ಚಾಪೆ ಹೆಣೆಯುತ್ತಾರೆ. ಹುಣಸೆಬೀಜವನ್ನು ಬಂಡೆಗೆ ತಿಕ್ಕಿ ಒಂದು ಮಗ್ಗುಲು ಬೆಳ್ಳಗೆ ಮಾಡಿ ಚೌಕಾಬಾರ ಆಡುತ್ತಾರೆ. ನಾನೂ ಒಂದು ಬೀಜ ಹಿಡಿದು ತಿಕ್ಕತೊಡಗಿದೆ. ತಟ್ಟನೆ ಬಿಸಿಯೇರಿ ಬೆರಳು ಸುಟ್ಟಿತು. "ಎಂಜಲು ಹಚ್ಚಮ್ಮ!" ಎಂದು ಮಕ್ಕಳೆಲ್ಲ ಕೂಗಿದರು. ಶಾರದೆ ನಕ್ಕಳು. ಈ ಊರಿಗೆ ಬಂದಮೇಲೆ ಅವಳ ನಗು ಮೊದಲ ಸಲ ಕೇಳಿದ್ದು ಆಗಲೇ.

ಆ ವಾರ ವೆಂಕಟಿ ಜೇಡಿಮಣ್ಣಿನಲ್ಲಿ ಗಂಡುಬೊಂಬೆ ಮಾಡಿ, ಒಲೆಯ ಕೆಂಡದಲ್ಲಿ ಸುಟ್ಟು, ಕಾಡಿಗೆಯಿಂದ ಮೀಸೆ ಬರೆದು ತಂದಳು. ಹೆಸರು ಮುನಿಸ್ವಾಮಿ.

"ನಿನ್ನ ಪುಟ್ಟಮ್ಮಣ್ಣಿನ ನಮ್ಮ ಮುನಿಸ್ವಾಮಿಗೆ ಕೊಡ್ತೀಯೇನೇ?"

ಶಾರದೆ ತಿರುಗಿಸಿ ತಿರುಗಿಸಿ ನೋಡಿದಳು. "ಇವನಿಗೆ ಕುತ್ತಿಗೆಯೇ ಇಲ್ವಲ್ಲೇ."

"ಕುತ್ತಿಗೆ ಇಟ್ಕೊಂಡು ಏನ್ ಮಾಡ್ತೀಯ? ಎರಡು ಎತ್ತವೆ, ಗಾಡಿ ಐತೆ!"

ಒಪ್ಪಿಗೆಯಾಯಿತು. ಈಚಲ ಗರಿಯ ಚಪ್ಪರ, ಮಾವಿನೆಲೆಯ ತೋರಣ. ಬೆಂಡಿನಲ್ಲಿ ನಾನು ಬಾಸಿಂಗ ಕತ್ತರಿಸಿದೆ. ನಾಲ್ಕು ವರ್ಷದ ನನ್ನ ಮಗ ಚಂದ್ರು ಪರಂಗಿ ಎಲೆಯ ದಂಟಿನಲ್ಲಿ ಪೀಪಿ ಊದಿ ವಾಲಗದವನಾದ. ಹೊಂಗೆಮರದ ಕೆಳಗೆ ಅರಳು ಚೆಲ್ಲಿದಂತೆ ಬಿದ್ದಿದ್ದ ಹೂವೇ ಅಕ್ಷತೆ. ಕಾಗದದ ಬುಟ್ಟಿಯಲ್ಲಿ ಗಾಳಿಗೆ ಉದುರಿದ ಮಾವಿನಕಾಯಿಯ ಹೋಳು, ಉಪ್ಪುಕಾರ ಹಚ್ಚಿ ಹಂಚಿದೆವು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರೂ ಬುಟ್ಟಿ ಇಳಿಸಿ ನಿಂತು ಹೂವೆರಚಿ ಹೋದರು. ಮದುಮಗ ಮದುಮಗಳು ಬೆಂಡಿನ ಗಾಡಿಯಲ್ಲಿ ಪಕ್ಕದ ಮನೆಗೆ ಹೊರಟಾಗ ಶಾರದೆ ಕುಣಿಯುತ್ತಾ ಬಾಗಿಲವರೆಗೆ ಹೋಗಿ ಕಳುಹಿಸಿ ಬಂದಳು.

ದೀಪ ಹಚ್ಚುವ ಹೊತ್ತಾಯಿತು. ನಮ್ಮಲ್ಲಿ ಬೊಂಬೆ ಮದುವೆಯೆಂದರೆ ಸಂಜೆಗೆ ಅವರವರ ಬೊಂಬೆ ಅವರವರ ಪೆಟ್ಟಿಗೆಗೆ ಹಿಂದಿರುಗುತ್ತದೆ. ಬಾಗಿಲಲ್ಲಿ ಕಾದು ಕಾದು ಶಾರದೆಯ ಮುಖ ಸಣ್ಣದಾಯಿತು. ನಾನೇ ಹೋದೆ. ಮುನಿಯಮ್ಮ ಮುದ್ದೆ ತಿರುವುತ್ತಿದ್ದರು.

"ಆಟ ಮುಗೀತಲ್ಲ ಮುನಿಯಮ್ಮ, ಬೊಂಬೆ ಕೊಡ್ತೀರಾ?"

ಅವರ ಕೈಯ ಕೋಲು ನಿಂತಿತು. "ಏನಂದ್ರಿ? ತಾಳಿ ಕಟ್ಟಿದ ಮೇಲೆ ಹೆಣ್ಣು ವಾಪಸ್ಸಾ? ಅಕ್ಷತೆ ಹಾಕಿದೋರು ಬೀದಿ ತುಂಬ ಅವ್ರೆ, ನಾಳೆ ಏನಂತಾರೆ?"

"ಬೊಂಬೆ ಮದುವೆ ಅಲ್ವೇ..."

"ಬೊಂಬೇದಾದ್ರೂ ಮದುವೆ ಮದುವೇನೇ. ನಾನು ವಕ್ಕಲೇರಿಯೋಳು. ಚಿಕ್ಕೋಳಾಗಿದ್ದಾಗ ನನ್ನ ಬೊಂಬೇನ ಕ್ಯಾಲನೂರಿನ ಹುಡುಗಿ ಮನೆಗೆ ಕೊಟ್ವಿ. ಅವಳಿಗೀಗ ಮೊಮ್ಮಕ್ಕಳು. ಇವತ್ಗೂ ಸಂತೇಲಿ ಸಿಕ್ಕಿದ್ರೆ, 'ಏನು ವಿಯ್ಯಪುರಾಲಾ' ಅಂತ ಮಾತಾಡ್ಸಿ ಎಲೆ ಅಡಿಕೆ ಕೊಡ್ತಾಳೆ." ವಿಯ್ಯಪುರಾಲು ಎಂದರೆ ಬೀಗಿತ್ತಿ.

ಬೊಂಬೆ ಬೇಕೇಬೇಕೆಂದರೆ ಕೊಟ್ಟಾರು; ಆದರೆ ಸಂಬಂಧ ಮುರಿದವರೆನ್ನಿಸಿಕೊಂಡು ಈ ಒಂದು ಗೋಡೆಯ ಬದಿಯಲ್ಲಿ ಬಾಳಬೇಕು, ಶಾರದೆಗೆ ಸಿಕ್ಕ ಒಬ್ಬಳೇ ಗೆಳತಿಯೂ ಹೋಗುತ್ತಾಳೆ. ಬಿಟ್ಟರೆ, ಅಜ್ಜಿಯ ಸೀರೆಯಂಚು ಹಿಡಿಯದೆ ನಿದ್ದೆ ಬಾರದ ಹುಡುಗಿಗೆ ಏನು ಹೇಳಲಿ? ನನ್ನ ಮುಖ ನೋಡಿ ಮುನಿಯಮ್ಮ ದನಿ ತಗ್ಗಿಸಿದರು. "ಕೊಟ್ಟ ಹೆಣ್ಣನ್ನ ವಾಪಸ್ಸು ಕೇಳೋದಿಲ್ಲ ಕಣಮ್ಮ ನಮ್ಮ ಕಡೆ. ಕರೀತಾರೆ. ಮಾವಿನಹಣ್ಣು ಬಂದಾಗ ಹೆಣ್ಮಕ್ಕಳನ್ನ ತವರಿಗೆ ಕರೆಯೋದು ಇದ್ದೇ ಐತೆ. ನೀವೂ ಕರೀರಿ. ಕಳಿಸ್ದೆ ಇರ್ತೀವಾ?"

ಮನೆಗೆ ಬಂದು ಹೇಳಿದೆ. ಶಾರದೆ ಗೋಡೆಗೆ ಮುಖಮಾಡಿ ಮಲಗಿದಳು. "ಅವಳಿಗೆ ಅಲ್ಲಿ ಯಾರೂ ಗೊತ್ತಿಲ್ಲ. ಅವರ ಮಾತೂ ಬರಲ್ಲ" ಎಂದಳು. ಬೊಂಬೆಯ ಮಾತೋ ಅವಳದೋ, ನನಗೆ ತಿಳಿಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮುಖ ತೊಳೆದವಳೇ, "ನೋಡಿಕೊಂಡು ಬರ್ತೀನಿ" ಎಂದು ಪಕ್ಕದ ಮನೆಗೆ ಹೋದಳು. ಹಣ್ಣು ಮಾಗುವವರೆಗೂ ದಿನ ತಪ್ಪದೆ ಹೋದಳು. ಮೊದಮೊದಲು ದೂರುಗಳನ್ನು ಹೊತ್ತು ತರುತ್ತಿದ್ದಳು: ಪುಟ್ಟಮ್ಮಣ್ಣಿಯನ್ನು ಹೊಗೆಯಲ್ಲಿ ಕೂರಿಸಿದ್ದಾರೆ, ಮೂತಿಗೆ ಸಂಗಟಿ ಮೆತ್ತಿದ್ದಾರೆ. ಆಮೇಲೆ ಸುದ್ದಿಗಳು: ಅತ್ತೆ ವೆಂಕಟಿ ಹೊಸ ಕುಪ್ಪಸ ಕೊಟ್ಟಳು, ಇವತ್ತು ಕರು ಹಾಕಿದ ಹಸುವನ್ನು ತೋರಿಸಿದರು. ಮಧ್ಯೆ ಮಧ್ಯೆ ತೆಲುಗಿನ ಮಾತೊಂದು ಉದುರುವುದು. ನಾನು ಕೇಳಿಸದವಳಂತೆ ಹುಣಸೆಹಣ್ಣು ಬಿಡಿಸುತ್ತಿದ್ದೆ.

ನಿನ್ನೆ ಪೇಟೆಗೆ ಮೊದಲ ಹಣ್ಣು ಬಂತು. ಹಾಗಾಗಿ ಈ ಸಂಜೆಯ ತಟ್ಟೆ. ಮುನಿಯಮ್ಮ ಕೂರಲು ಚಾಪೆ ಹಾಸಿ, "ಬನ್ನಿ ಬೀಗಿತ್ತಮ್ಮ" ಎಂದರು. ಮೈಸೂರಮ್ಮ ಎನ್ನಲಿಲ್ಲ. ಎಲ್ಲ ಸರಿಯಾಗಿ ನಡೆಯುತ್ತಿರುವಾಗ, ವೆಂಕಟಿ ಬೊಂಬೆಯನ್ನು ಬೆನ್ನ ಹಿಂದೆ ಹಿಡಿದು ಗೋಡೆಗೆ ಒತ್ತಿ ನಿಂತಳು.

"ನಾನು ಕಳಿಸಲ್ಲ. ಇವರು ಮೈಸೂರಿಗೆ ತಗೊಂಡೋಗ್ತಾರೆ. ಆಮೇಲೆ ಬರೋದೇ ಇಲ್ಲ." ಹೇಳುತ್ತಲೇ ಅತ್ತುಬಿಟ್ಟಳು.

ಮುನಿಯಮ್ಮ ಗದರಿಸಲು ಬಾಯಿ ತೆರೆದರು. ಶಾರದೆಯೇ ಮುಂದೆ ಹೋದಳು. ಬೊಂಬೆಗೆ ಕೈ ಚಾಚಲಿಲ್ಲ. "ಇಲ್ಲ ಕಣೇ," ಎಂದಳು. "ಎರಡು ದಿನ ಇಟ್ಕೊಂಡು ಕಳಿಸ್ತೀನಿ. ಹಣ್ಣು ತಿನ್ನಿಸಿ ಕಳಿಸ್ತೀನಿ. ಅವಳ ಮನೆ ಇಲ್ಲೇ ಅಲ್ವಾ?"

ವೆಂಕಟಿ ಮೂಗೊರೆಸಿಕೊಂಡು ಬೊಂಬೆ ಕೊಟ್ಟಳು. ಹೊಗೆಗೆ ಕೆಂಪಂಚು ಕಂದಾಗಿದೆ. ಹಣೆಯಲ್ಲಿ ಈ ಊರಿನ ಹೆಂಗಸರಂತೆ ಅಗಲದ ಕುಂಕುಮ. ಅಮ್ಮ ನೋಡಿದರೆ ತಾವು ಹೊಲಿದದ್ದೆಂದು ಗುರುತು ಹಿಡಿಯುತ್ತಾರೋ ಇಲ್ಲವೋ. ನನ್ನನ್ನು ಕಂಡರೂ ಅಷ್ಟೇ ಏನೋ.

ಊಟಕ್ಕೆ ಕೂತಾಗ ಯಜಮಾನರು, ಜಮಾಬಂದಿ ಮುಗಿದರೆ ಒಂದು ವಾರ ಮೈಸೂರಿಗೆ ಹೋಗಿಬರಬಹುದೆಂದರು. ಶಾರದೆ ಕುಣಿಯುತ್ತಾಳೆಂದುಕೊಂಡೆ. ಅವಳು ತುತ್ತು ಹಿಡಿದು, "ಹೋದರೆ ವಾಪಸ್ಸು ಯಾವತ್ತು ಬರೋದು?" ಎಂದು ಕೇಳಿದಳು. ಅದೇ ಪ್ರಶ್ನೆ ನನ್ನ ನಾಲಿಗೆಯ ಮೇಲೂ ಇತ್ತು. ಅಮ್ಮನ ಕೈಯ ಊಟ ನೆನೆದು ಬಾಯಲ್ಲಿ ನೀರೂರುತ್ತಿರುವಾಗಲೇ, ಆ ವಾರ ನಮ್ಮ ಬಾಗಿಲಿಗೆ ನೀರು ಹಾಕುವವರು ಯಾರೆಂದು ಯೋಚಿಸುತ್ತಿದ್ದೆ.

ಇವತ್ತು ಉಂಡದ್ದು ಮುದ್ದೆ, ಸೊಪ್ಪಿನ ಸಾರು, ಮಾವಿನಹಣ್ಣಿನ ಸೀಕರಣೆ. ಹೊಸ ಸೀರೆ ಉಟ್ಟ ಬೊಂಬೆಗೂ ಒಂದು ಎಲೆಯ ಚೂರು ಹಾಕಿದ್ದೆವು. ಚಪ್ಪಡಿ ಕಲ್ಲಿನ ಮನೆ ಹಗಲೆಲ್ಲ ಕಾದಿರುತ್ತದೆ. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆಯ ಮೇಲೆ ಮಲಗುತ್ತಾರೆ, ನಾವು ಈ ಕಡೆ, ಅವರು ಆ ಕಡೆ. ಚಾಪೆ ಹಾಸಿದೊಡನೆ ಮೋಟುಗೋಡೆಯ ಆಚೆಯಿಂದ ವೆಂಕಟಿಯ ದನಿ ಬಂತು: "ಪಡುಕುನಿಂದಾ?" ಮಲಗಿದಳಾ, ಎಂದು.

"ಪಡುಕುನಿಂದಿ," ಎಂದಳು ನನ್ನ ಮಗಳು, ಬೊಂಬೆಯನ್ನು ತಟ್ಟುತ್ತಾ. ತಟ್ಟುತ್ತಿದ್ದ ಕೈ ಮೆಲ್ಲಗೆ ನಿಂತಿತು. ಎಲ್ಲರಿಗಿಂತ ಮೊದಲು ನಿದ್ದೆಹೋದವಳು ಅವಳೇ.