ಹಸಿರು ಬಾಗಿಲ ಮನೆಯ ಪೂರ್ತಿ ವಿಳಾಸ

ಮೂವತ್ತು ವರ್ಷ ತಾಂಡೂರಿನಲ್ಲಿ ಅಂಚೆ ವಿಂಗಡಿಸಿದವನು ನಾನು. ಅರ್ಧ ವಿಳಾಸ ಬರೆಯುವವರ ಮೇಲೆ ನನಗೆ ಈಗಲೂ ಸಿಟ್ಟು. ಮೊಮ್ಮಗಳು ಅಕ್ಷರ ಕೂಡಿಸಲು ಕಲಿತ ವರ್ಷವೇ ಬಾಯಿಪಾಠ ಮಾಡಿಸಿದ್ದೆ: ಹೆಸರು, ತಂದೆಯ ಹೆಸರು, ಮನೆ ನಂಬರು, ಗುರುತು, ಓಣಿ, ಊರು, ಪಿನ್. ಒಂದನ್ನೂ ಬಿಡಬಾರದು.

ತೆಲಂಗಾಣ ಚಳವಳಿಯ ದಿನಗಳು. ಮೇಲಿಂದ ಮೇಲೆ ಬಂದ್. ಶಾಲೆಗೆ ಬೀಗ, ಬಶೀರಾಬಾದಿಗೆ ಬಸ್ಸಿಲ್ಲ. ನಮ್ಮ ಓಣಿಯ ನೆಟ್ ಸೆಂಟರಿನ ಶಟರು ಮಾತ್ರ ಸೊಂಟದೆತ್ತರಕ್ಕೆ ತೆರೆದೇ ಇರುತ್ತಿತ್ತು. ಒಂಬತ್ತನೇ ತರಗತಿಯ ಮೊಮ್ಮಗಳು ಬಗ್ಗಿ ಒಳಗೆ ಹೋಗುತ್ತಿದ್ದಳು. ಹೋದ ಹೊತ್ತು, ಬಂದ ಹೊತ್ತು ಗಡಿಯಾರ ನೋಡಿ ಕೇಳುತ್ತಿದ್ದೆ. ಒಳಗೇನು ನಡೆಯುತ್ತದೆಂದು ಒಮ್ಮೆಯೂ ಬಗ್ಗಿ ನೋಡಲಿಲ್ಲ.

ಒಂದು ಸಂಜೆ ಐದಕ್ಕೆ, ನನ್ನ ಚಹಾದ ಹೊತ್ತಿಗೆ, ನಲವತ್ತು ದಾಟಿದ ಗಂಡಸೊಬ್ಬ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಅಂಗಿ, ಕೈಯಲ್ಲಿ ಚಾಕಲೇಟು. ಮೊಮ್ಮಗಳ ಹೆಸರು ಹಿಡಿದು ಕೇಳಿದ.

"ಯಾರ್ರೀ ನೀವು?"

"ನೆಟ್ಟಿನ್ಯಾಗ ಪರಿಚಯರಿ. ಗಿರಣಿ ಹಿಂದ ಹಸಿರು ಬಾಗಲಾ ಅಂತ ಆಕಿನೇ ಬರದಾಳ."

ನಾನು ಕೋಲು ಹಿಡಿದು ಎದ್ದೆ. ಅವನು ಮೋಟರ್ ಸೈಕಲ್ ಹತ್ತಿ ಓಡಿದ. ಗಾಡಿಯ ನಂಬರು ಓದಿಕೊಂಡೆ.

ಒಳಗೆ ಮೊಮ್ಮಗಳು ಬಾಗಿಲ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ನಾ ನಾರಾಯಣಖೇಡದ ಹುಡುಗಿ, ನಿನ್ನ ವಾರಗಿನೇ, ನಂದೂ ಒಂಬತ್ತನೇತ್ತಾ ಅಂತ ಬರದಿದ್ದ, ಮುತ್ಯಾ."

ವಿಷಯ ಕೇಳಿದ ನನ್ನ ಮಗ, ಅವಳ ಅಪ್ಪ, ಆ ಗಂಡಸನ್ನು ಬೈಯಲಿಲ್ಲ. "ಇನ್ನ ಈಕಿಗಿ ಸಾಲಿ ಬ್ಯಾಡ. ಮನ್ಯಾಗ ಕುಂಡ್ರಲಿ" ಅಂದ. ದೂರು ಕೊಡಲು ಹೋದರೆ ಠಾಣೆಯಲ್ಲೂ ಗಾಡಿಯ ನಂಬರು ಬರೆದುಕೊಳ್ಳುವ ಮೊದಲು, "ಹುಡುಗಿ ಯಾಕ ಬರದಳು?" ಎಂದೇ ಕೇಳಿದರು. ಹದಿನಾಲ್ಕು ವರ್ಷದವಳು ನಿಜ ಬರೆದದ್ದು ತಪ್ಪು, ನಲವತ್ತರವನು ಸುಳ್ಳು ಬರೆದದ್ದು ಯಾರ ಕಣ್ಣಿಗೂ ಬೀಳಲಿಲ್ಲ!

ಮರುದಿನ ಅವಳನ್ನು ಕರೆದುಕೊಂಡು ನೆಟ್ ಸೆಂಟರಿಗೆ ಹೋದೆ. ಮಾಲೀಕ ನಕ್ಕ. "ನಾ ಕುರ್ಚಿ ಕೊಡ್ತೀನಿ, ಕಂಪ್ಯೂಟರ್ ಕೊಡ್ತೀನಿ. ಯಾರ್ ಏನ್ ಬರೀತಾರ ಅಂತ ನೋಡಾಕ ನಾ ಏನ್ ಹೆಡ್‌ಮಾಸ್ತರೇನ್ರಿ, ಪೋಸ್ಟ್ ಸಾಬ್?"

"ನಿನ್ ಮಗಳು ಇಲ್ಲಿ ಕುಂಡ್ರತಾಳೇನು?"

"ತೋಬಾ! ಆಕಿಗಿ ಒಳಗ ಬಿಡಂಗಿಲ್ರಿ."

ಅಂದ ಮೇಲೆ ಅವನ ನಗು ನಿಂತಿತು. ಊರವರ ಮಕ್ಕಳನ್ನು ಬಿಟ್ಟಿದ್ದಾನೆ!

ಮೊಮ್ಮಗಳು ನೆಟ್ಟಿನಲ್ಲಿ ತನ್ನ ಪರಿಚಯ ಬರೆದಿದ್ದ ಪುಟ ತೆರೆದಳು. ನಾನು ಕಲಿಸಿದ್ದೆಲ್ಲ, ಕಲಿಸಿದ ಕ್ರಮದಲ್ಲೇ, ಒಂದೂ ಬಿಡದೆ ಅಲ್ಲಿತ್ತು. ವಿಳಾಸ ಬರೆಯುವುದನ್ನು ಕಲಿಸಿದ್ದೆ, ಯಾರಿಗೆ ಬರೆಯಬಾರದು ಎಂದು ಹೇಳಿರಲಿಲ್ಲ. ಒಂದೊಂದೇ ಸಾಲು ಅಳಿಸಿದಳು.

"ಪಿನ್ನೂ ತೆಗೀಲೇನು, ಮುತ್ಯಾ?"

"ತೆಗಿ."

ಶಾಲೆ ತೆರೆದ ದಿನ ಎಂಟೂವರೆಗೆ ಅವಳ ಚೀಲ ಹಿಡಿದು ಹೊರಟೆ. ಮಗ ಅಡ್ಡ ನಿಂತ.

"ಆಕಿ ಬರದದ್ದು ನಾ ಕಲಿಸಿದ್ದು. ಮನ್ಯಾಗ ಕುಂಡ್ರಸೋದಿದ್ರ ನನಗ ಕುಂಡ್ರಸು."

"ಅಂವ ಮತ್ತ ಬಂದ್ರ, ಅಪ್ಪಾ?"

"ಬರ್ಲಿ. ಬಾಗಲ್ದಾಗ ನಾ ಇರ್ತೀನಿ. ಆಕಿ ಸಾಲ್ಯಾಗ ಇರ್ತಾಳ."

ಮಗ ದಾರಿ ಬಿಟ್ಟ.