ಕಾಂಪೌಂಡಿನ ಮೇಲಿನ ಮುಳ್ಳು

ನಮ್ಮ ಮನೆಯ ಹೂವು ಕೀಳಲು ಬಂದವರೊಬ್ಬರು, ಕೈ ಸಿಕ್ಕಿಹಾಕಿಕೊಂಡು, ನಮ್ಮ ಗೇಟಿನ ಪಕ್ಕದಲ್ಲೇ ನಿಂತು ನನಗೇ ಬೈದ ಪ್ರಸಂಗವನ್ನು ಈ ವಾರ ಹೇಳಲೇಬೇಕು. ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಧನುರ್ಮಾಸದ ಚಳಿ. ಬೆಳಿಗ್ಗೆ ಆರೂಕಾಲು ಇರಬೇಕು, ಹಾಲು ಕಾಯಲಿಟ್ಟಿದ್ದೆ. "ಯಾರ್ರೀ ಒಳಗಡೆ, ಸ್ವಲ್ಪ ಬನ್ನಿ" ಎಂದು ಬೀದಿಯಿಂದ ಕೂಗು. ಹೋಗಿ ನೋಡಿದರೆ ಒಬ್ಬರು ನಮ್ಮ ಕಾಂಪೌಂಡಿಗೆ ಹೊಟ್ಟೆ ಒತ್ತಿಕೊಂಡು, ಬಲಗೈಯನ್ನು ಗೋಡೆಯ ಮೇಲಿನಿಂದ ಒಳಕ್ಕೆ ಚಾಚಿಕೊಂಡು ನಿಂತಿದ್ದಾರೆ. ಮಂಕಿ ಕ್ಯಾಪು, ತುಂಬುತೋಳಿನ ಸ್ವೆಟರು, ಬಿಳಿ ಶೂ. ಎಡಗೈಯಲ್ಲಿ ಪ್ಲಾಸ್ಟಿಕ್ ಕವರು. ಕವರಿನಲ್ಲಿ ಕನಿಷ್ಠ ನಾಲ್ಕು ಮನೆಯ ದಾಸವಾಳ.

ಹೆಸರು ಬೇಡ, ವಾಕಿಂಗ್ ಸರ್ ಎನ್ನೋಣ. ಜಯಲಕ್ಷ್ಮಿಪುರಂನ ನಮ್ಮ ರಸ್ತೆಯಲ್ಲಿ ಅವರನ್ನು ಅರಿಯದವರಿಲ್ಲ. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಎದುರಿಗೆ ಸಿಕ್ಕರೆ ನಾವೇ ಮೊದಲು ನಮಸ್ಕಾರ ಹೇಳುವಂಥವರು. ಅವರ ಕೈಯನ್ನು ಹಿಡಿದುಕೊಂಡಿದ್ದು ನನ್ನ ಡಿಕಿಯಾ.

ಡಿಕಿಯಾ ಎಂದರೆ ಅನಾನಸ್ಸಿನ ಬಳಗದ ಗಿಡ. ತಿನ್ನುವ ಹಣ್ಣು ಬಿಡುವುದಿಲ್ಲ, ಮುಳ್ಳು ಮಾತ್ರ ಧಾರಾಳ. ಸುತ್ತಲೂ ಹರಡಿದ ದಪ್ಪ ದಪ್ಪ ಎಲೆ, ಎಲೆಯ ಅಂಚಿಗೆಲ್ಲ ಬೆಳ್ಳಗಿನ ಕೊಕ್ಕೆ. ನನ್ನ ಹತ್ತಿರ ಇರುವ ಜಾತಿಯಲ್ಲಿ ಕೊಕ್ಕೆಯ ಮೊನೆ ಗಿಡದ ಬುಡದ ಕಡೆಗೆ ಬಾಗಿದೆ. ಹಾಗಾಗಿ ಕೈ ಸಲೀಸಾಗಿ ಒಳಗೆ ಹೋಗುತ್ತದೆ. ವಾಪಸ್ ಎಳೆದಾಗಲೇ ಗೊತ್ತಾಗುವುದು. ಎಳೆದಷ್ಟೂ ಹಿಡಿಯುತ್ತದೆ. (ನಾನೂ ಎರಡು ನೈಟಿ ಹರಿದುಕೊಂಡು ಕಲಿತ ಪಾಠ ಇದು.)

"ಎಳೀಬೇಡಿ ಸರ್. ಇನ್ನೂ ಒಳಕ್ಕೆ ತಳ್ಳಿ" ಎಂದೆ.

ಹೂವು ಕದಿಯಲು ಬಂದವರಿಗೆ ಕೈಯನ್ನು ಇನ್ನೂ ಒಳಗೆ ಹಾಕಿ ಎಂದು ಹೇಳಿದ ಮೊದಲ ಗೃಹಿಣಿ ನಾನೇ ಇರಬೇಕು. ದಿನಪತ್ರಿಕೆಯನ್ನು ಸುರುಳಿ ಸುತ್ತಿ, ಎಲೆಗಳನ್ನು ಒಂದೊಂದಾಗಿ ಸರಿಸಿ, ಸ್ವೆಟರಿನ ನೂಲು ಬಿಡಿಸಿ, ಅಂತೂ ಕೈ ಹೊರಗೆ ಬಂತು. ಮುಷ್ಟಿಯೊಳಗೆ ನಮ್ಮ ನಂದಿಬಟ್ಟಲು ಹಾಗೇ ಇತ್ತು. ಅದನ್ನವರು ಬಿಟ್ಟಿರಲಿಲ್ಲ.

ಒಂದು "ಸಾರಿ" ಬರುತ್ತದೆ ಎಂದುಕೊಂಡೆ. ಬಂದದ್ದೇನು?

"ಇಂಥಾ ಗಿಡ ಯಾರಾದ್ರೂ ರೋಡ್ ಸೈಡಲ್ಲಿ ಇಡ್ತಾರೇನಮ್ಮ? ಓದಿದೋರು ನೀವು. ಸ್ವಲ್ಪ ಸಿವಿಕ್ ಸೆನ್ಸ್ ಬೇಡ್ವಾ?"

ಸಿವಿಕ್ ಸೆನ್ಸು. ನನಗೆ. ಅವರ ಕವರಿನಲ್ಲಿ ಇಡೀ ಬೀದಿಯ ದಾಸವಾಳ.

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ನಮ್ಮ ಅತ್ತೆ ಬಂದರು. ಒಂದು ಕೈಯಲ್ಲಿ ಅರಿಶಿನದ ಡಬ್ಬಿ, ಇನ್ನೊಂದರಲ್ಲಿ ಕಾಫಿ ಲೋಟ. ಗಾಯಕ್ಕೆ ಅರಿಶಿನ ಮೆತ್ತಿ, ಕಾಫಿ ಕುಡಿಸಿ, ನಂದಿಬಟ್ಟಲಿನ ಸಮೇತ ಕಳಿಸಿಕೊಟ್ಟರು. ನಾನು ಅಲ್ಲೇ ಉರಿದುಹೋದೆ.

ಈಗ ಆ ಗಿಡಗಳು ಅಲ್ಲಿಗೆ ಹೇಗೆ ಬಂದವು ಎಂಬುದನ್ನೂ ಹೇಳಬೇಕು. ಆರು ವರ್ಷದ ಹಿಂದೆ ಲಕ್ಷ್ಮೀಪುರಂನ ಗೆಳತಿಯೊಬ್ಬಳು ತನ್ನ ತಾರಸಿಯಿಂದ ಒಂದೇ ಒಂದು ಮರಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದಳು. ತುಳಸಿಗೆ ಹಾಕಿದಂತೆ ದಿನಾ ನೀರು ಹಾಕಿದೆ. ಮೂರೇ ತಿಂಗಳಿಗೆ ನಡುಮಧ್ಯೆ ಕೊಳೆಯಿತು. ಗೆಳತಿ ಬೈದಳು. "ಪ್ರೀತಿ ಜಾಸ್ತಿ ಆಯ್ತು ಕಣೇ. ಬಿಸಿಲಿಗಿಟ್ಟು ಮರೆತುಬಿಡು." ಬದಿಯಲ್ಲಿ ಉಳಿದಿದ್ದ ಚೂರೊಂದನ್ನು ದಪ್ಪ ಮರಳು, ಇಟ್ಟಿಗೆ ಚೂರು, ಒಂದು ಹಿಡಿ ಗೊಬ್ಬರದಲ್ಲಿ ನೆಟ್ಟು, ನೀರು ಇಳಿದುಹೋಗಲೆಂದು ಕುಂಡಕ್ಕೆ ಇನ್ನೆರಡು ತೂತು ಕೊರೆದು, ತಾರಸಿಯಲ್ಲಿ ಇಟ್ಟೆ. ಏಪ್ರಿಲ್ ತಿಂಗಳಲ್ಲಿ ನಲ್ಲಿ ನೀರು ಕೈಕೊಟ್ಟಾಗ ಗುಲಾಬಿ ಹೋಯಿತು, ಸೇವಂತಿಗೆ ಹೋಯಿತು. ಇದು ಹದಿನೈದು ದಿನ ಒಂದು ತೊಟ್ಟು ನೀರಿಲ್ಲದೆ ಸ್ವಲ್ಪ ಕೆಂಪಗಾಯಿತು, ಅಷ್ಟೆ. ಮರಿ ಹಾಕಿತು. ಮರಿಯೂ ಮರಿ ಹಾಕಿತು. ಒಂದು ಚೂರು ಹದಿನಾಲ್ಕು ಕುಂಡವಾಯಿತು.

ಅತ್ತೆಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನಂಜನಗೂಡಿನ ಕಡೆ ಹೊಲ ಗದ್ದೆ ಮಾಡಿ ಬಂದವರು. "ಮುಳ್ಳ ಯಾರಾರ ಸಾಕ್ತಾರೇನವ್ವ? ನಾವು ಕಿತ್ತು ಕಿತ್ತು ಬದಿನ ಮ್ಯಾಕೆ ಹಾಕ್ತಿದ್ದೊ" ಎನ್ನುತ್ತಿದ್ದರು.

ಅವರ ಜೀವ ಇದ್ದದ್ದು ಕಾಂಪೌಂಡಿನ ಒಳಗಿನ ನಂದಿಬಟ್ಟಲಿನಲ್ಲಿ. ಈ ಮನೆಗೆ ಬಂದ ವರ್ಷ ಅವರೇ ನೆಟ್ಟದ್ದು. ತಾವು ನೆಟ್ಟ ಗಿಡದ ಹೂವನ್ನು ದೇವರಿಗೆ ಏರಿಸಬೇಕು, ಅವರ ಆಸೆ ಅಷ್ಟೇ. ಆದರೆ ಅವರು ಸ್ನಾನ ಮಾಡಿ ತಟ್ಟೆ ಹಿಡಿದು ಬರುವ ಹೊತ್ತಿಗೆ ಕೈಗೆಟುಕುವ ಕೊಂಬೆಗಳೆಲ್ಲ ಬೋಳು. ಬೀದಿಯ ಅರ್ಧ ಪುಣ್ಯವಂತರು ಅಷ್ಟರಲ್ಲಿ ವಾಕಿಂಗ್ ಮುಗಿಸಿರುತ್ತಿದ್ದರು. ಮನೆಯಲ್ಲಿ ಗಿಡ ಇಟ್ಟುಕೊಂಡು ದೇವರಾಜ ಮಾರ್ಕೆಟ್ಟಿನಿಂದ ಹೂವು ತರುವ ಕರ್ಮ ನಮ್ಮದು. "ಓಗ್ಲಿ ಬುಡು, ಅವ್ರೂ ದೇವ್ರಿಗೇ ತಾನೆ" ಎಂದು ಅತ್ತೆ ಸುಮ್ಮನಾಗುತ್ತಿದ್ದರು.

ಮೊನ್ನೆ ಧನುರ್ಮಾಸದ ಮೊದಲ ದಿನ ಅವರು ಖಾಲಿ ತಟ್ಟೆ ಹಿಡಿದು ಒಳಗೆ ಬಂದು, ಎರಡು ಎಲೆ ತುಳಸಿ ಇಟ್ಟು ಕೈಮುಗಿದದ್ದನ್ನು ನೋಡಿದೆ. ಅವತ್ತೇ ಹದಿನಾಲ್ಕೂ ಕುಂಡಗಳನ್ನು ತಾರಸಿಯಿಂದ ಇಳಿಸಿ ಕಾಂಪೌಂಡಿನ ಒಳಗಡೆ ಕಟ್ಟೆಯ ಮೇಲೆ, ನಂದಿಬಟ್ಟಲಿನ ಮುಂದೆ ಸಾಲಾಗಿ ಇಟ್ಟೆ. ಎಲೆಯ ತುದಿಯೂ ಬೀದಿಗೆ ಚಾಚಿರಲಿಲ್ಲ. ನಮ್ಮ ಜಾಗ, ನಮ್ಮ ಕಟ್ಟೆ, ನಮ್ಮ ಗಿಡ. ಎಂಟನೇ ದಿನ ವಾಕಿಂಗ್ ಸರ್ ಸಿಕ್ಕಿಕೊಂಡರು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಭಾನುವಾರ ಸಂಜೆ ರಸ್ತೆಯ ನಿವಾಸಿಗಳ ಸಂಘದಿಂದ ಕರೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಹತ್ತು ಹನ್ನೆರಡು ಜನ. ವಾಕಿಂಗ್ ಸರ್ ಕೈಗೆ ಬ್ಯಾಂಡೇಜು. (ಗಾಯ ಬೆರಳಿನ ಮೇಲೆ, ಬ್ಯಾಂಡೇಜು ಮುಂಗೈ ತನಕ.)

"ಮೇಡಂ, ನಿಮ್ಮ ಮೇಲೊಂದು ಕಂಪ್ಲೇಂಟ್ ಬಂದಿದೆ" ಎಂದರು ಕಾರ್ಯದರ್ಶಿಗಳು.

"ಸರ್ ಅವರ ಕೈ ನಮ್ಮ ಕಾಂಪೌಂಡ್ ಒಳಗೆ ಯಾಕಿತ್ತು ಅನ್ನೋದೂ ಕಂಪ್ಲೇಂಟಲ್ಲಿ ಇದೆಯಾ?" ಎಂದೆ.

ಹಲವರು ನೆಲ ನೋಡಿದರು. ಆ ಹಲವರ ಕವರುಗಳ ಬಣ್ಣವೂ ನನಗೆ ಗೊತ್ತು. ವಾಕಿಂಗ್ ಸರ್ ಮಾತ್ರ ನಿಜಕ್ಕೂ ನೊಂದವರಂತೆ ಹೇಳಿದರು. "ದೇವರ ಹೂವು ಕಿತ್ತರೆ ಅದನ್ನ ಕಳ್ಳತನ ಅಂತಾರೇನಮ್ಮ?"

ಅನ್ನುವುದಿಲ್ಲವೇ? ಪಕ್ಕದ ಮನೆಯ ಎಣ್ಣೆ ತಂದು ದೇವರಿಗೆ ದೀಪ ಹಚ್ಚಿದರೆ ಏನನ್ನುತ್ತಾರೆ? ಕಾಯಿ, ಕರ್ಪೂರ, ಬಾಳೆಹಣ್ಣು, ಇವನ್ನೆಲ್ಲ ದುಡ್ಡು ಕೊಟ್ಟು ತರುವ ಭಕ್ತರಿಗೆ ಹೂವು ಮಾತ್ರ ಊರವರದ್ದು ಹೇಗಾಗುತ್ತದೆ? ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಮನೆ ಮುಂದೆ ಮುಳ್ಳಿನ ಗಿಡ ವಾಸ್ತುವಿಗೆ ಆಗುವುದಿಲ್ಲ ಎಂದು ಒಬ್ಬರು ಮಾತು ತೆಗೆದರು, ಅದು ಎಲ್ಲೆಲ್ಲಿಗೋ ಹೋಯಿತು. ಕೊನೆಗೆ ತೀರ್ಮಾನ: ಒಂದು ವಾರದಲ್ಲಿ ಕುಂಡ ತೆಗೆಯಬೇಕು, ಇಲ್ಲವೇ ಕಾಂಪೌಂಡಿಗೆ ಎಚ್ಚರಿಕೆಯ ಬೋರ್ಡು ಹಾಕಬೇಕು. ಕೈ ಹಾಕಿದವರಿಗೆ ಯಾವ ತೀರ್ಮಾನವೂ ಇಲ್ಲ.

ಮನೆಗೆ ಬಂದು, ಸಿಟ್ಟಿನಲ್ಲೇ ಕೈಗವಸು ಹಾಕಿಕೊಂಡು ಮೊದಲನೇ ಕುಂಡ ಎತ್ತಿದೆ. ಅತ್ತೆಗೆ ಹೇಗೂ ಮುಳ್ಳು ಬೇಡ, ಬೀದಿಯವರಿಗೂ ಬೇಡ. ನನಗೊಬ್ಬಳಿಗೆ ಯಾಕೆ ಈ ಉಸಾಬರಿ?

"ಮಡಗವ್ವ ಅದ ಅಲ್ಲೇಯ" ಎಂದರು ಅತ್ತೆ, ಬಾಗಿಲಲ್ಲಿ ನಿಂತು.

ನಾನು ತಿರುಗಿ ನೋಡಿದೆ.

"ಇದ ಮಡಗಿದ್ ಮ್ಯಾಲೆ ಏಳ್ ದಿನ ನನ್ ತಟ್ಟೆ ತುಂಬಿತ್ತು ಕಣವ್ವ. ಎಷ್ಟ್ ವರ್ಸಾಗಿತ್ತು ಅಂಗೆ ಕಂಡು."

ಆಮೇಲೆ, ತಮಗೆ ತಾವೇ ಹೇಳಿಕೊಳ್ಳುವಂತೆ ಮುಂದುವರಿಸಿದರು. "ನಮ್ಮೂರಲ್ಲಿ ಹೂವ ಬೇಕಂದ್ರೆ ಬಾಗ್ಲಲ್ಲಿ ನಿಂತ್ಕಂಡು ಅಕ್ಕೋ, ನಾಕ್ ಹೂವ ಕಿತ್ಕತೀನಿ ಅನ್ನೋರು. ಯಾರ್ ಇಲ್ಲ ಅಂದಾರು? ಕಾಪಿ ಕುಡ್ಕಂಡೋಗು ಅನ್ನೋರು. ಇವ್ರು ಅಷ್ಟ್ ದೊಡ್ಡೋರು, ಅಷ್ಟೂ ಕೇಳ್ಬಾರ್ದ?"

ಇಷ್ಟು ವರ್ಷ ಓಗ್ಲಿ ಬುಡು ಎನ್ನುತ್ತಿದ್ದವರಿಗೂ ಸಿಟ್ಟು ಇತ್ತು ಎಂಬುದು ಸೊಸೆಯಾದ ನನಗೆ ಗೊತ್ತಾಗಲು ಇಷ್ಟು ದಿನ ಬೇಕಾಯಿತು. ನಾಚಿಕೆಯಾಯಿತು. ಕುಂಡವನ್ನು ಇದ್ದಲ್ಲೇ ಇಟ್ಟೆ.

ಬೋರ್ಡು ಹಾಕಿದ್ದೇವೆ. ಸಂಘ ಹೇಳಿದ್ದಲ್ಲ, ಅತ್ತೆ ಹೇಳಿ ಬರೆಸಿದ್ದು: "ಹೂವು ಬೇಕಾದವರು ಬೆಲ್ ಒತ್ತಿ. ಕಿತ್ತು ಕೊಡುತ್ತೇವೆ." ದಿನಾ ಬೆಳಿಗ್ಗೆ ಅತ್ತೆ ತಮ್ಮ ತಟ್ಟೆ ತುಂಬಿಸಿಕೊಂಡು, ಕೇಳಿ ಬರುವವರಿಗೆಂದು ಇನ್ನೊಂದು ಬುಟ್ಟಿಯಲ್ಲಿ ಹೂವು ತೆಗೆದಿಟ್ಟು ಕಾಯುತ್ತಾರೆ. ಡಿಕಿಯಾ ಕೂಡ ಆರು ವರ್ಷಕ್ಕೆ ಮೊದಲ ಸಲ ಉದ್ದನೆಯ ದಂಟು ತೆಗೆದಿದೆ, ತುದಿಯಲ್ಲಿ ಕಿತ್ತಳೆ ಬಣ್ಣದ ಮೊಗ್ಗು ಮೂಡಿದೆ. ವಾಕಿಂಗ್ ಸರ್ ಈಗ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಾರೆ. ಕವರು ಕೈಯಲ್ಲೇ ಇರುತ್ತದೆ, ಆ ಸಾಲಿನ ಮನೆಗಳಲ್ಲೂ ದಾಸವಾಳ ಇದೆಯಲ್ಲ.

ಹತ್ತು ದಿನವಾಯಿತು. ಇನ್ನೂ ಒಬ್ಬರೂ ಬೆಲ್ ಒತ್ತಿಲ್ಲ. ಅಷ್ಟು ದೂರದ ಕೊಂಬೆಗೆ ಎಟುಕುತ್ತಿದ್ದ ಕೈಗಳಿಗೆ, ಗೇಟಿನ ಪಕ್ಕದಲ್ಲೇ ಇರುವ ಬೆಲ್ ಎಟುಕುತ್ತಿಲ್ಲ.

ಅದಕ್ಕೇನು ಮುಳ್ಳಿದೆಯೇ?