ಬಂದಗಿಸಾಬರ ಜಾಳಿ ಗೋಡೆ

ನಮ್ಮ ಹಾರೂಗೇರಿಯ ಬಂದಗಿಸಾಬರು ನಲವತ್ತು ವರ್ಷ ಸಿಮೆಂಟಿನ ಜಾಳಿ, ಎಂದರೆ ಆರಪಾರ ಕಿಂಡಿಗಳಿರುವ ಚೌಕ ಬಿಲ್ಲೆ, ಮಾಡಿದವರು. ಆಗ ಮನೆ ಕಟ್ಟುವವರೆಲ್ಲ ಗಾಳಿ ಬೆಳಕು ಬರಲೆಂದು ಪಡಸಾಲೆಗೂ ಬಚ್ಚಲಿಗೂ ಜಾಳಿ ಕೂಡಿಸುತ್ತಿದ್ದರು. ರಾಯಬಾಗದಿಂದ ಅಥಣಿಯವರೆಗೆ ಹಳೆಯ ಮನೆಗಳಲ್ಲಿ ಇಂದಿಗೂ ಅವರ ಕೈಕೆಲಸ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ಅಲ್ಯುಮಿನಿಯಂ ಕಿಟಕಿ ಬಂದ ಮೇಲೆ ಕೇಳುವವರು ಕಡಿಮೆಯಾದರು. ಕಟ್ಟಿಗೆಯ ಅಚ್ಚುಗಳನ್ನು ಗೆದ್ದಲು ತಿಂದಿತು. ಸಾಬರ ಕಣ್ಣಿಗೂ ಪೊರೆ ಬಂತು.

ಯಡೂರಿನ ದಾರಿಯಲ್ಲಿ ಯಾತ್ರಿಕರು ತಂಗುವ ಸಣ್ಣ ಧರ್ಮಶಾಲೆಯೊಂದಿದೆ. ಅಮಾವಾಸ್ಯೆಗೆ ವೀರಭದ್ರನ ದರ್ಶನ ಮುಗಿಸಿ ನಾವು ಬುತ್ತಿ ಬಿಚ್ಚುವುದು ಅಲ್ಲಿಯೇ. ಅದರ ಪಡುವಣ ಗೋಡೆ ಇಡಿಯಾಗಿ ಜಾಳಿಯದು. ಒಂದೊಂದು ಜಾಳಿಯ ಮೂಲೆಯಿಂದ ಒಂದು ಎಲೆ ಹೊರಡುತ್ತದೆ; ನಾಲ್ಕು ಜಾಳಿ ಸೇರಿದಲ್ಲಿ ಒಂದು ಹೂವಾಗುತ್ತದೆ. ಇಳಿಹೊತ್ತಿಗೆ ಆ ಹೂವುಗಳ ಬೆಳಕು ನೆಲದ ಮೇಲೆ, ದಣಿದು ಮಲಗಿದವರ ಸೀರೆಯ ಮೇಲೆ, ಬುತ್ತಿಗಂಟಿನ ಮೇಲೆ ಬೀಳುತ್ತದೆ. ಅದು ಬಂದಗಿಸಾಬರೂ ಅವರ ಹೆಂಡತಿ ನೂರಜಾನಬಿಯೂ ಮದುವೆಯಾದ ಮರುವರ್ಷ ಕೂಡಿ ಮಾಡಿದ ಗೋಡೆ. ನೂರಜಾನಬಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ಮೇಲೆ ಸಾಬರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಸುಮ್ಮನೆ ಕೂತು ಬರುತ್ತಿದ್ದರು.

ಎರಡು ವರ್ಷದ ಹಿಂದೆ ಹೊಳೆ ಏರಿ ನಿಂತಾಗ ಆ ಗೋಡೆಯ ಒಂದು ಮೂಲೆ ಕುಸಿದು ಮೂವತ್ತು ಜಾಳಿ ಹೋದವು. ತಗಡು ಮುಚ್ಚಿ ದಿನ ದೂಡಿದರು. ಈ ಬೇಸಿಗೆಯಲ್ಲಿ ಧರ್ಮಶಾಲೆ ನೋಡಿಕೊಳ್ಳುವ ಬಾಳಾಸಾಬ ಬಂದಗಿಸಾಬರ ಮನೆಗೆ ಬಂದ. ಶ್ರಾವಣದೊಳಗೆ ಹಳೆಯದಕ್ಕೆ ಹೊಂದುವಂಥ ಮೂವತ್ತು ಜಾಳಿ ಆದರೆ ಸರಿ, ಇಲ್ಲದಿದ್ದರೆ ಗೋಡೆಯನ್ನೆಲ್ಲ ತೆಗೆಸಿ ಅಲ್ಯುಮಿನಿಯಂ ಹಾಕಿಸುವುದೆಂದು ಹಿರಿಯರು ಕೂಡಿ ಮಾತಾಡಿದ್ದಾರೆ ಎಂದ. ಸಾಬರು ಒಪ್ಪಿಕೊಂಡರು.

ಅಚ್ಚು ಕೆತ್ತಲು ಕಣ್ಣಿಲ್ಲ. ಸೊಸೆ, ಮಗ ಅರ್ಮಾನನ ಹೆಂಡತಿ ಫಿರದೋಸ, ನಾನಿದ್ದೇನೆ ಎಂದಳು. ಆಕೆ ಊರಿನ ಇಂಜಿನಿಯರರೊಬ್ಬರ ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುತ್ತಾಳೆ. ಎರಡು ಮಕ್ಕಳಾದ ಮೇಲೆ ಫೋನಿನಲ್ಲಿ ನೋಡಿ ನೋಡಿ, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ಕಲಿತವಳು. ಅವಶೇಷದಲ್ಲಿ ಉಳಿದಿದ್ದ ಒಂದು ಜಾಳಿಯನ್ನು ತರಿಸಿ, ಅಳೆದು, ಕಂಪ್ಯೂಟರಿನಲ್ಲಿ ಬರೆದಳು. ಕ್ಯಾಡಿನಲ್ಲಿ ಒಂದನ್ನು ಬರೆದರೆ ಸಾಕಂತೆ. ಎಷ್ಟು ಸಾಲು, ಸಾಲಿಗೆ ಎಷ್ಟು, ನಡುವೆ ಎಷ್ಟು ಅಂತರ ಎಂದು ಹೇಳಿದರೆ ಉಳಿದುದನ್ನು ಅದೇ ಹರಡಿಕೊಡುತ್ತದೆ. ಅದಕ್ಕೆ ಅರೇ ಎಂದು ಹೆಸರು. ಐದು ಸಾಲು, ಸಾಲಿಗೆ ಆರು ಎಂದು ಕೊಟ್ಟಳು. ಮೂವತ್ತು ಜಾಳಿ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಬಂದವು. ಆದರೆ ಹೂವು ಬರಲಿಲ್ಲ. ಒಂದರ ಎಲೆಯ ತುದಿ ಮುಗಿದ ಕಡೆ ಮತ್ತೊಂದರದು ಅರ್ಧ ಬೆರಳು ಕೆಳಗೆ ಶುರುವಾಗುತ್ತಿತ್ತು.

ಹಳೆಯ ಅಚ್ಚು ತುಸು ಸೊಟ್ಟ ಇದ್ದಂತಿದೆ ಎಂದು ಫಿರದೋಸ ಅಂಜುತ್ತಲೇ ಹೇಳಿದಳು. ಸಾಬರಿಗೆ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ.

“ಅಚ್ಚು ಒಂದ ಇತ್ತು ಬೇಟಿ. ಒಂದರ ಮಗ್ಗಲಕ ಒಂದು ಇಟ್ಟರ ತಾವ ಕೂಡತಾವ. ನಿನ್ನ ಟೇಪ್ ಸೊಟ್ಟ ಇರಬೇಕು,” ಎಂದರು.

ಹಿರಿಯರ ಮಾತಿಗೆ ಎದುರಾಡಲು ಆಕೆಗೆ ಮನಸ್ಸಾಗಲಿಲ್ಲ. ಚಿಕ್ಕೋಡಿಯಲ್ಲಿ ಕಟ್ಟಿಗೆ ಕೊರೆಯುವ ಯಂತ್ರಕ್ಕೆ ನಕ್ಷೆ ಕೊಟ್ಟು ಅಚ್ಚು ಮಾಡಿಸಿದಳು. ಸಾಬರು ಬಹಳ ವರ್ಷದ ಮೇಲೆ ಸಿಮೆಂಟು ಸವರುವ ಥಾಪಿ ಹಿಡಿದರು. ದಿನಕ್ಕೆ ಎರಡು, ಮೂರು. ಗೋಣಿಚೀಲ ಹೊದಿಸಿ ನೀರುಣಿಸಿ ಮೂವತ್ತು ಜಾಳಿ ಗಟ್ಟಿಯಾಗುವಷ್ಟರಲ್ಲಿ ಜೂನಿನ ಮಿರಗದ ಮಳೆ ಬಂದುಹೋಗಿತ್ತು.

ಟೆಂಪೋದಲ್ಲಿ ಒಯ್ದು ಧರ್ಮಶಾಲೆಯ ಅಂಗಳದಲ್ಲಿ ಹಾಸಿದರು. ಪರದೆಯಲ್ಲಿ ಕಂಡದ್ದೇ ನೆಲದ ಮೇಲೆಯೂ ಕಂಡಿತು.

ಬಾಳಾಸಾಬ ಸೊಂಟದ ಮೇಲೆ ಕೈಯಿಟ್ಟು ನೋಡಿದ. “ಕಾಕಾ, ಎಲ್ಲಾ ಎಲಿ ಕುರಿಹಿಂಡಿನಂಗ ಒಂದ ಕಡೆ ಮಾರಿ ಮಾಡಿ ನಿಂತಾವಲ್ರಿ. ಹೂವು ಎಲ್ಲಿ ಐತ್ರಿ?”

ಸಾಬರು ಬಗ್ಗಿ ಜೋಡಿನ ಮೇಲೆ ಬೆರಳಾಡಿಸಿದರು. ಅರ್ಧ ಬೆರಳಿನ ಮೆಟ್ಟಿಲು ಕೈಗೆ ಹತ್ತಿತು. ಸೋಮವಾರ ಅಲ್ಯುಮಿನಿಯಂನವನು ಅಳತೆಗೆ ಬರುತ್ತಾನೆ ಎಂದು ಬಾಳಾಸಾಬ ನಯವಾಗಿಯೇ ತಿಳಿಸಿದ.

ಫಿರದೋಸ ಅಂದು ಹಳೆಯ ಗೋಡೆಯ ಫೋಟೋ ತೆಗೆದುಕೊಂಡು ಬಂದಿದ್ದಳು. ಮರುದಿನ ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ ಕಂಪ್ಯೂಟರಿನ ಮುಂದಿದ್ದಳು. ಮನೆಯಲ್ಲಿ ಅವರ ಮಾತು ಉರ್ದು, ನಾನಿದ್ದರೆ ಕನ್ನಡ. ಒಂದು ಜಾಳಿ ಇದ್ದಂತೆ, ಅದರ ಮಗ್ಗುಲಿನದು ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಕೆಳಗಿನವೂ ಹಾಗೆಯೇ. ಈ ನಾಲ್ಕನ್ನು ಹಿಡಿದು ಹರಡಿದರೆ ಹೂವು ಬಿಡುತ್ತದೆ ಎಂದು ತೋರಿಸಿದಳು. ಅಂಚು ಸೊಟ್ಟವಿದ್ದರೂ ಅದು ಮುಟ್ಟುವುದು ತನ್ನ ಪ್ರತಿಬಿಂಬವನ್ನೇ, ಹಾಗಾಗಿ ತಪ್ಪುವುದಿಲ್ಲ.

“ಅಬ್ಬಾ, ಅರ್ಧಾ ಜಾಳಿ ಉಲ್ಟಾ ಅದಾವು. ನೀವು ಎರಡು ಅಚ್ಚು ಮಾಡಿದ್ರಿ ಕಾಣಸ್ತದ,” ಎಂದು ಮಾವನಿಗೆ ಹೇಳಿದಳು.

“ಒಂದ ಅಚ್ಚು.”

“ಸ್ವಲ್ಪ ನೆನಪ ಮಾಡ್ಕೋರಿ.”

“ನನ್ನ ಕೈ ಸೊಟ್ಟ ಅಂದಿ, ತಡಕೊಂಡೆ. ಈಗ ತಲೀನೂ ಸೊಟ್ಟ ಅಂತೀಯೇನ?”

ಆಕೆ ಮತ್ತೆ ಪರದೆಯ ಕಡೆ ತಿರುಗಿದಳು. ಇನ್ನೊಂದು ಅಚ್ಚು ಮಾಡಿಸಿ, ಹದಿನೈದು ಜಾಳಿ ಎರೆದು, ಒಣಗಿಸುವಷ್ಟು ದಿನ ಇರಲಿಲ್ಲ. ಸೋಮವಾರಕ್ಕೆ ನಾಲ್ಕೇ ದಿನ.

ಸಾಬರ ಮನಸ್ಸು ತುಸು ಹಗುರಾಗಲೆಂದು ನಾನು ನೂರಜಾನಬಿಯ ಮಾತು ತೆಗೆದೆ. ಈ ಕೆಲಸದಲ್ಲಿ ಅವರ ಪಾಲು ಏನಿರುತ್ತಿತ್ತು ಎಂದು ಕೇಳಿದೆ. ಉಸುಕು ಸೋಸುತ್ತಿದ್ದಳು, ನೀರು ಹೊಡೆಯುತ್ತಿದ್ದಳು ಎಂದರು. ಗೋಡೆಗೆ ಏರಿಸುವ ಮೊದಲು ಅಂಗಳದಲ್ಲಿ ಸಾಲು ಹಾಸುವವಳೂ ಆಕೆಯೇ. ಹಾಸಿ, ಮೇಲಿನ ಮುಖಕ್ಕೆ ಸುಣ್ಣದ ಚುಕ್ಕೆ ಇಡುತ್ತಿದ್ದಳು. ಚುಕ್ಕೆ ಹೊರಮುಖ ಮಾಡಿ ಆ ಸಾಲಿನಂತೆಯೇ ಕೂಡಿಸಬೇಕೆಂದು ಆಕೆಯ ಕಟ್ಟಪ್ಪಣೆ. ದೃಷ್ಟಿಗೆ ಇಡುತ್ತಾಳೆಂದು ತಿಳಿದು ಇವರು ಕೇಳಲೇ ಇಲ್ಲ. ಧರ್ಮಶಾಲೆಯ ಗೋಡೆ ಮಾಡುವಾಗ ಆಕೆ ಬಸುರಿ ಎಂದೂ ಹೇಳಿದರು.

ಬಸುರಿ ಹೆಂಗಸು ಅಷ್ಟು ಭಾರ ಹೇಗೆ ಎತ್ತುತ್ತಿದ್ದಳೆಂದು ಕೇಳಿದೆ.

“ಎಲ್ಲೀದು ಎತ್ತೋದು? ಹೊಟ್ಟ್ಯಾಗ ಅರ್ಮಾನ ಇದ್ದ. ರೊಟ್ಟಿ ಮಗಚಿದಂಗ ಮಗಚಕೋತ ಮಗಚಕೋತ ಒಯ್ತಿದ್ಲು. ಮೊದಲನೇದು ಇದ್ದಲ್ಲೆ, ಎರಡನೇದು ಒಂದ ಸಲ ಮಗಚಿ, ಮೂರನೇದು…”

ಕೈ ಗಾಳಿಯಲ್ಲಿ ಮೂರನೆಯದನ್ನು ಮಗುಚುತ್ತಿತ್ತು. ಅಲ್ಲಿಯೇ ನಿಂತಿತು.

ಫಿರದೋಸ ಎದ್ದುಬಂದು ಹಳೆಯ ಜಾಳಿಯನ್ನು ನೆಲದ ಮೇಲೆ ಮಲಗಿಸಿ, ಅಂಚಿನ ಮೇಲೆ ನಿಲ್ಲಿಸಿ, ಆಚೆ ಬದಿಗೆ ಬೀಳಿಸಿದಳು. ಎಲೆ ಈಗ ಎದುರು ದಿಕ್ಕಿಗೆ ಹೊರಟಿತ್ತು. “ನನ್ನ ಪರದೆದಾಗ ಜಾಳಿಗೆ ಬೆನ್ನ ಇಲ್ಲ ಅಬ್ಬಾ,” ಎಂದಳು. “ಅದಕ್ಕ ನನಗ ಹೊಳೀಲಿಲ್ಲ.”

ಸೋಮವಾರ ನಾನೂ ಜೊತೆಗೆ ಹೋದೆ. ಅಲ್ಯುಮಿನಿಯಂನವನು ಟೇಪು ಹಿಡಿದು ಕಟ್ಟೆಯ ಮೇಲೆ ಕೂತಿದ್ದ. ಫಿರದೋಸ ಸೆರಗು ಬಿಗಿದು ಆ ಮೂವತ್ತನ್ನೇ ಮಗುಚುತ್ತ ಸಾಲು ಹಾಸಿದಳು; ಬಲಕ್ಕೆ ಒಂದೊಂದು, ಕೆಳಗೆ ಒಂದೊಂದು. ಎರಡನೆಯ ಸಾಲು ಬಿದ್ದಾಗ ಮೊದಲ ಹೂವು ಕೂಡಿತು. ಮುಂದೆ ಮತ್ತೆ ಜಾಳಿ ಬೇಕಾದರೆ ಅಚ್ಚನ್ನು ನೆಟ್ಟಗೆ ಬರೆಯಲೇ ಎಂದು ಆಕೆ ನಡುವೆ ಕೇಳಿದಳು. ಸಾಬರು ಬೇಡವೆಂದರು. ನೆಟ್ಟಗಾದರೆ ಹಳೆಯ ಜಾಳಿಗೆ ಹೊಂದುವುದಿಲ್ಲ.

ಬಾಳಾಸಾಬ ಸುತ್ತು ಹಾಕಿ ನೋಡಿ, ಅಲ್ಯುಮಿನಿಯಂನವನನ್ನು ಅಡಿಗೆಮನೆಯ ಕಿಟಕಿ ಅಳೆಯಲು ಕಳಿಸಿದ. ಆಮೇಲೆ ಸಾಬರ ಹತ್ತಿರ ಬಂದು, ಆಗಿನ ಕಾಲಕ್ಕೆ ಎಂಥಾ ಕೆಲಸ ಮಾಡಿದ್ದೀರಿ ಎಂದು ಹೊಗಳಿದ. ಈ ಮಾತು ಸಾಬರು ನಲವತ್ತು ವರ್ಷದಿಂದ ಕೇಳಿ, ತಲೆದೂಗಿ, ತಮ್ಮದೆಂದೇ ಒಪ್ಪಿಕೊಳ್ಳುತ್ತ ಬಂದದ್ದು.

“ಅಚ್ಚು ನಂದು ಬಾಳಾಸಾಬ,” ಎಂದರು. “ಸೊಟ್ಟ ಇತ್ತು. ಹೂವು ಮಾಡಿದಾಕಿ ಅರ್ಮಾನನ ಅವ್ವ. ನನಗ ಒಂದ ದಿನಾನೂ ಹೇಳಲಿಲ್ಲ ನೋಡು.”